ಎಲೆ ಬಣ್ಣ ನೋಡೋಕೆ ಯಾವ ವಾರ, ಯಾವ ಊರು? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಾಶ್ಮೀರದ ಕೆಂಪು ಎಲೆಗಳ ಫೋಟೊ ಹಾಕಿದ ಮೇಲೆ ಗುಂಪಿನಲ್ಲಿ ಬಹಳ ಜನ ಕೇಳುತ್ತಿದ್ದೀರಿ. ಬಳ್ಳಾರಿಯಿಂದ ಕುಟುಂಬಗಳನ್ನು ಉತ್ತರ ಭಾರತದ ಟೂರ್‌ಗೆ ಕರೆದುಕೊಂಡು ಹೋಗುವ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ದಯವಿಟ್ಟು ಫೋನ್ ನಂಬರ್ ಹಾಕಬೇಡಿ, ಪ್ರಶ್ನೆ ಇಲ್ಲೇ ಕೇಳಿ.

ಪ್ರಶ್ನೆ (ಬಳ್ಳಾರಿ, ಜೀನ್ಸ್ ಯೂನಿಟ್ ನಡೆಸುವವರು): ಮೇಡಂ, ನಾವು ಆರು ಜನ. ನಾನು, ಮನೆಯವರು, ಇಬ್ಬರು ಮಕ್ಕಳು, ಅಪ್ಪ, ಅವ್ವ. ದಸರಾ ರಜೆಯಲ್ಲಿ ಕಾಶ್ಮೀರಕ್ಕೆ ಹೋಗಿ ಚಿನಾರ್ ಮರ ಕೆಂಪಾಗಿರೋದು ನೋಡಬೇಕು ಅಂತ ಆಸೆ. ನಾಲ್ಕು ದಿನ ಸಾಕಾಗುತ್ತಾ?

ಉತ್ತರ: ಅಣ್ಣಾವ್ರೇ, ಮೊದಲು ವಾರ ಗೊತ್ತು ಮಾಡಿಕೊಳ್ಳಿ, ಊರು ಆಮೇಲೆ. ಎಲೆ ನೋಡುವ ಟೂರ್‌ಗೆ ಬರುವವರಿಗೆಲ್ಲ ನಾನು ಹೇಳುವುದು ಇದನ್ನೇ. ದಸರಾ ರಜೆಯಲ್ಲಿ ಶ್ರೀನಗರಕ್ಕೆ ಹೋದರೆ ಚಿನಾರ್ ಬಹುಪಾಲು ಹಸಿರಾಗಿಯೇ ಇರುತ್ತದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಬಣ್ಣ ತಿರುಗೋಕೆ ಶುರು. ಒಳ್ಳೆ ಬಣ್ಣ ಇರೋದು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೇ ವಾರದವರೆಗೆ. ಒಂದು ಜೋರು ಮಳೆ ಗಾಳಿ ಬಂದರೆ ಅಷ್ಟೂ ಎಲೆ ನೆಲಕ್ಕೆ ಬೀಳುತ್ತೆ, ಅದೂ ಲೆಕ್ಕದಲ್ಲಿರಲಿ.

ಹಾಗಾಗಿ ದೀಪಾವಳಿ ನೋಡಿಕೊಂಡು ಹೋಗಿ. ಹಬ್ಬ ನವೆಂಬರ್ ಮೊದಲ ಭಾಗದಲ್ಲಿ ಬಂದ ವರ್ಷ ಹಬ್ಬದ ರಜೆಯೇ ಸರಿಯಾದ ಹೊತ್ತು. ಅಕ್ಟೋಬರ್‌ನಲ್ಲೇ ಬಂದುಬಿಟ್ಟರೆ ಹಬ್ಬ ಮುಗಿಸಿ ಒಂದು ವಾರ ಬಿಟ್ಟು ಹೊರಡಿ. ಮಕ್ಕಳಿಗೆ ಸ್ಕೂಲ್ ನಾಲ್ಕು ದಿನ ತಪ್ಪುತ್ತೆ, ಟೀಚರ್‌ಗೆ ಮುಂಚೆಯೇ ಹೇಳಿ.

ನಾಲ್ಕು ದಿನ ಸಾಲದು. ಆರು ರಾತ್ರಿ ಇಟ್ಟುಕೊಳ್ಳಿ. ನಾಲ್ಕು ಶ್ರೀನಗರದಲ್ಲಿ, ಎರಡು ಪಹಲ್ಗಾಮ್‌ನಲ್ಲಿ. ಗುಲ್ಮಾರ್ಗ್ ಹೋಗಿ ಸಂಜೆ ವಾಪಸ್ ಬರಬಹುದು. ಸೋನಮರ್ಗ್ ಈ ಸಲ ಬಿಡಿ. ಅಲ್ಲಿ ದೇವದಾರು, ಫರ್ ಮರಗಳೇ ಜಾಸ್ತಿ, ಅವು ವರ್ಷವಿಡೀ ಹಸಿರು. ನೀವು ಹೋಗುತ್ತಿರೋದು ಎಲೆ ನೋಡೋಕೆ ಅಲ್ವಾ?

ಶ್ರೀನಗರದಲ್ಲಿ ಬೆಳಗ್ಗೆ ನಸೀಮ್ ಬಾಗ್‌ಗೆ ಹೋಗಿ. ಅದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗಿದೆ. ಮೊಘಲರ ಕಾಲದ ಚಿನಾರ್ ತೋಪು. ಕಾಂಡವನ್ನು ಇಬ್ಬರು ಕೈ ಹಿಡಿದು ತಬ್ಬಿದರೂ ಸಾಲದಂಥ ಮರಗಳಿವೆ. ಕೆಳಗೆ ಬಿದ್ದ ಎಲೆ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಅಂಗೈಗಿಂತ ಅಗಲ, ಬೆರಳು ಚಾಚಿದ ಹಾಗೆ ಐದು ಸೀಳು. ನರದ ಉದ್ದಕ್ಕೂ ಹಸಿರು ಉಳಿದಿರುತ್ತೆ, ಮಧ್ಯೆ ಹಳದಿ, ಅಂಚಿನಲ್ಲಿ ಇಟ್ಟಿಗೆ ಕೆಂಪು. ಒಂದೇ ಎಲೆಯಲ್ಲಿ ಮೂರೂ ಬಣ್ಣ. ಹೆಂಗಸರು ಉದುರಿದ ಎಲೆ ಗುಡಿಸಿ ಮೂಟೆ ಕಟ್ಟುತ್ತಿರುತ್ತಾರೆ. ಅದನ್ನು ಸುಟ್ಟು ಇದ್ದಿಲು ಮಾಡಿ ಚಳಿಗಾಲದಲ್ಲಿ ಕಾಂಗ್ಡಿಗೆ ಹಾಕುತ್ತಾರೆ. ಕಾಂಗ್ಡಿ ಅಂದರೆ ಬೆತ್ತದ ಬುಟ್ಟಿಯೊಳಗಿನ ಮಣ್ಣಿನ ಅಗ್ಗಿಷ್ಟಿಕೆ, ಅಲ್ಲಿನವರು ಅಂಗಿಯೊಳಗೆ ಇಟ್ಟುಕೊಂಡೇ ಓಡಾಡುತ್ತಾರೆ.

ಸಂಜೆ ನಿಶಾತ್ ಬಾಗ್. ಅದು ದಾಲ್ ಸರೋವರದ ಪೂರ್ವ ದಂಡೆಯಲ್ಲಿದೆ, ಇಳಿಬಿಸಿಲು ನೇರವಾಗಿ ಮರಗಳ ಮೇಲೆ ಬೀಳುತ್ತೆ. ನವೆಂಬರ್‌ನಲ್ಲಿ ಬೇಗ ಕತ್ತಲಾಗುತ್ತೆ, ನಾಲ್ಕು ಗಂಟೆಗೆಲ್ಲ ಅಲ್ಲಿರಿ. ಜಹಾಂಗೀರ್ ಮಾಡಿಸಿದ ಶಾಲಿಮಾರ್ ಬಾಗ್ ಕೂಡ ಹತ್ತಿರವೇ. ಸಮಯ ಒಂದಕ್ಕೇ ಇದ್ದರೆ ನಾನು ನಿಶಾತ್ ಅನ್ನುತ್ತೇನೆ.

ಪಹಲ್ಗಾಮ್‌ಗೆ ಹೋಗುವ ದಿನ ಅವಸರ ಮಾಡಬೇಡಿ, ಆ ದಾರಿಯೇ ಒಂದು ಟೂರ್. ಮೊದಲು ಪಾಂಪೋರ್. ಅಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ ಕೇಸರಿ ಹೂ ಕೀಳುತ್ತಾರೆ. ಬೆಳಗ್ಗೆ ಬೇಗ ಹೋದರೆ ಹೊಲದಲ್ಲಿ ಮನೆಮಂದಿಯೆಲ್ಲ ಬಗ್ಗಿ ನೇರಳೆ ಹೂ ಬಿಡಿಸುತ್ತಿರುತ್ತಾರೆ. ಒಂದು ಹೂವಿಗೆ ಮೂರೇ ಕೆಂಪು ಎಳೆ. ಒಂದು ಕೆಜಿ ಕೇಸರಿಗೆ ಸುಮಾರು 1.5 ಲಕ್ಷ ಹೂ ಬೇಕು, ಬೆಲೆ ಯಾಕೆ ಅಷ್ಟು ಅಂತ ಅಲ್ಲಿ ನಿಂತರೆ ಅರ್ಥವಾಗುತ್ತೆ. ಅಲ್ಲಿಂದ ಮುಂದೆ ಅವಂತಿಪೋರ. 9ನೇ ಶತಮಾನದಲ್ಲಿ ಅವಂತಿವರ್ಮ ಕಟ್ಟಿಸಿದ ಕಲ್ಲಿನ ದೇವಸ್ಥಾನಗಳ ಅವಶೇಷ ಇದೆ. ಹಂಪಿ ನೋಡಿ ಬೆಳೆದ ನಿಮ್ಮ ಅಪ್ಪ ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ ನೋಡಿ. ಆಮೇಲೆ ಬಿಜ್‌ಬೆಹಾರ, ಊರಿಗೆ ಊರೇ ಚಿನಾರ್. ಅದಾದ ಮೇಲೆ ಲಿಡ್ಡರ್ ಹೊಳೆ ಪಕ್ಕ ಹಳದಿ ಪಾಪ್ಲರ್ ಸಾಲು, ಸೇಬಿನ ತೋಟ. ಮರದ ಮೇಲೆ ಹಣ್ಣು ನೋಡಬೇಕು ಅಂದರೆ ಮಾತ್ರ ದಸರಾ ಹೊತ್ತೇ ಒಳ್ಳೆಯದು, ನವೆಂಬರ್‌ಗೆ ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತೆ.

ಮರುಪ್ರಶ್ನೆ (ಅವರೇ): ರಜೆ ದಸರಾದಲ್ಲೇ ಬೇಕು ಅಂದ್ರೆ ಬೇರೆ ಏನಾದ್ರೂ ಇದೆಯಾ ಮೇಡಂ? ಲಡಾಖ್ ಅಂತ ಮಗ ಹಠ ಮಾಡ್ತಿದ್ದಾನೆ.

ಉತ್ತರ: ಲಡಾಖ್‌ನಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಪಾಪ್ಲರ್, ವಿಲೋ ಮರಗಳು ಹಳದಿಯಾಗುತ್ತವೆ. ಬೋಳು ಗುಡ್ಡದ ನಡುವೆ ಹೊಳೆಯುದ್ದಕ್ಕೂ ಬರೀ ಹಳದಿ. ಚೆಂದವೇ. ಆದರೆ ಲೇಹ್ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಇಳಿದ ಮೇಲೆ ಎರಡು ದಿನ ರೂಮಲ್ಲೇ ಆರಾಮಾಗಿರಬೇಕು. ಅಪ್ಪ ಅವ್ವನಿಗೆ ಬಿಪಿ, ಹಾರ್ಟ್ ತೊಂದರೆ, ದಮ್ಮು ಏನಾದರೂ ಇದ್ದರೆ ಡಾಕ್ಟರ್ ಕೇಳದೆ ಟಿಕೆಟ್ ಮಾಡಬೇಡಿ. ಮಗ ಕಾಲೇಜಿಗೆ ಬರಲಿ, ಗೆಳೆಯರ ಜೊತೆ ಹೋಗಲಿ.

ದಸರಾಕ್ಕೇ ಹೊರಡೋದಾದರೆ ಹಿರಿಯರ ಜೊತೆ ಹಿಮಾಚಲದ ಕುಲ್ಲು ಒಳ್ಳೆಯದು. ನಮ್ಮ ದಸರಾ ಮುಗಿಯುವ ವಿಜಯದಶಮಿಯ ದಿನ ಕುಲ್ಲು ದಸರಾ ಶುರುವಾಗುತ್ತೆ, ಏಳು ದಿನ ನಡೆಯುತ್ತೆ. ಸುತ್ತಲಿನ ಊರುಗಳ ದೇವರನ್ನೆಲ್ಲ ಪಲ್ಲಕ್ಕಿಯಲ್ಲಿ ಹೊತ್ತು ಮೈದಾನಕ್ಕೆ ತರುತ್ತಾರೆ. ಎಲೆ ಬಣ್ಣ ಕಾಶ್ಮೀರದಷ್ಟು ಸಿಗಲ್ಲ, ಜಾತ್ರೆ ಸಿಗುತ್ತೆ.

ಪ್ರಶ್ನೆ (ಸಿಂಧನೂರು, ಗೃಹಿಣಿ): ಅಕ್ಕಾ, ಹೋದ ವರ್ಷದ ಪಹಲ್ಗಾಮ್ ಸುದ್ದಿ ಮನಸ್ಸಿನಿಂದ ಹೋಗಿಲ್ಲ. ಕರೆದುಕೊಂಡು ಹೋಗೋಕೆ ಭಯ. ಮತ್ತೆ ಊಟ? ನಾವು ಮೊಟ್ಟೆ ಸಹ ಮುಟ್ಟಲ್ಲ.

ಉತ್ತರ: ನಿಮ್ಮ ಭಯ ಸಹಜ ತಂಗಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್‌ನಲ್ಲಿ ಉಗ್ರರ ದಾಳಿಗೆ 26 ಜನ ಪ್ರಾಣ ಕಳೆದುಕೊಂಡರು, ಅದರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆಮೇಲೆ ಸರ್ಕಾರ ಬಹಳ ಜಾಗಗಳನ್ನು ಮುಚ್ಚಿತು, ಹಂತ ಹಂತವಾಗಿ ತೆರೆಯಿತು. ನಾನು ಯಾರಿಗೂ ಒತ್ತಾಯ ಮಾಡಲ್ಲ. ಹೋಗುವವರಿಗೆ ಹೇಳೋದು ಇಷ್ಟೇ: ಹೊರಡುವ ವಾರ ಯಾವ ಜಾಗ ತೆರೆದಿದೆ ಅಂತ ಪ್ರವಾಸೋದ್ಯಮ ಇಲಾಖೆಯಿಂದ ತಿಳಿದುಕೊಳ್ಳಿ. ಮುಚ್ಚಿದ ಜಾಗಕ್ಕೆ ಕುದುರೆಯವರು ಕರೆದರೂ ಹೋಗಬೇಡಿ. ಮನಸ್ಸು ಒಪ್ಪದಿದ್ದರೆ ಕುಲ್ಲು ಕಡೆ ಹೋಗಿ, ತಪ್ಪೇನಿಲ್ಲ.

ಊಟಕ್ಕೆ ಯೋಚನೆ ಬೇಡ. ಶ್ರೀನಗರದಲ್ಲಿ ವೈಷ್ಣೋ ಢಾಬಾ ಅಂತ ಬೋರ್ಡ್ ಇರುವ ಕಡೆ ಶುದ್ಧ ಸಸ್ಯಾಹಾರ. ರಾಜ್ಮಾ ಅನ್ನ, ದಮ್ ಆಲೂ, ಹಾಕ್ ಸೊಪ್ಪು, ತಾವರೆ ದಂಟಿನ ನದ್ರು ಸಿಗುತ್ತೆ. ಕೇಸರಿ, ಬಾದಾಮಿ ಹಾಕಿದ ಕೆಹ್ವಾ ಕುಡಿಯಿರಿ. ಆದರೂ ಎರಡು ಹೊತ್ತು ಆದಮೇಲೆ ಹಿರಿಯರು ರೊಟ್ಟಿ ಕೇಳ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿ. ಅಲ್ಲಿನ ಮೊಸರಿನ ಜೊತೆ ಬಹಳ ಚೆನ್ನಾಗಿರುತ್ತೆ.

ಚಳಿ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಹಗಲು 15ರಿಂದ 20 ಡಿಗ್ರಿ ಇದ್ದರೂ ರಾತ್ರಿ 5ಕ್ಕಿಂತ ಕೆಳಗೂ ಇಳಿಯುತ್ತೆ. ಥರ್ಮಲ್, ಉಣ್ಣೆ ಸಾಕ್ಸ್, ಮಂಕಿ ಕ್ಯಾಪ್, ಮುಚ್ಚಿದ ಬೂಟು ಎಲ್ಲರಿಗೂ ಇರಲಿ. ರೂಮಿನಲ್ಲಿ ಎಲೆಕ್ಟ್ರಿಕ್ ಬ್ಲಾಂಕೆಟ್ ಕೇಳಿ. ಕಾಂಗ್ಡಿಯಾಗಲಿ, ಗ್ಯಾಸ್ ಹೀಟರ್ ಆಗಲಿ ಹಚ್ಚಿಟ್ಟು ಕಿಟಕಿ ಮುಚ್ಚಿ ಮಲಗಲೇಬೇಡಿ. ಅದರಿಂದ ಬರುವ ವಿಷಗಾಳಿಗೆ (ಕಾರ್ಬನ್ ಮೊನಾಕ್ಸೈಡ್) ವಾಸನೆ ಇರಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ.

ಪ್ರಶ್ನೆ (ರಾಯಚೂರು, ನಿವೃತ್ತ ಬ್ಯಾಂಕ್ ನೌಕರರು): ಮೇಡಂ, ಮಗಳು ಅಮೆರಿಕದ ಬಾಸ್ಟನ್ ಹತ್ತಿರ ಇದ್ದಾಳೆ. ಪ್ರತಿ ಸಲ ಬೇಸಿಗೆ ಶುರುವಾಗುತ್ತಿದ್ದ ಹಾಗೆ ಹೋಗಿ ಬರುತ್ತೇವೆ. 'ಫಾಲ್ (ಎಲೆ ಉದುರುವ ಕಾಲ) ನೋಡದೆ ವಾಪಸ್ ಹೋಗ್ತೀರಲ್ಲ' ಅಂತಾಳೆ.

ಉತ್ತರ: ಮಗಳು ಹೇಳೋದು ಸರಿ ಸರ್. ನೀವು ರಾಯಚೂರಿನ ಬಿಸಿಲು ತಪ್ಪಿಸೋಕೆ ಮಾರ್ಚ್ ಏಪ್ರಿಲ್‌ನಲ್ಲಿ ಹೋಗ್ತೀರಿ. ಸಾಮಾನ್ಯವಾಗಿ ಆರು ತಿಂಗಳು ಇರೋಕೆ ಬಿಡುತ್ತಾರೆ, ಅಷ್ಟರಲ್ಲಿ ಸೆಪ್ಟೆಂಬರ್ ಬಂದಿರುತ್ತೆ. ಎಲೆ ಬಣ್ಣಕ್ಕೆ ಬರುವ ಹೊತ್ತಿಗೆ ನೀವು ವಿಮಾನದಲ್ಲಿ. ಈ ಸಲ ಜೂನ್‌ನಲ್ಲಿ ಹೊರಡಿ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಕಡೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮೇಪಲ್ ಮರಗಳು ಕೆಂಪಾಗುತ್ತವೆ, ಬಾಸ್ಟನ್ ಸುತ್ತ ಸ್ವಲ್ಪ ತಡವಾಗಿ. ನ್ಯೂ ಹ್ಯಾಂಪ್‌ಶೈರ್‌ನ ಕಂಕಮಾಗಸ್ ಹೈವೇ ಸುಮಾರು 55 ಕಿ.ಮೀ., ಕಾರಿನಲ್ಲಿ ಕೂತೇ ನೋಡಬಹುದು. ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ರಜೆ, ಆ ವಾರಾಂತ್ಯ ರಸ್ತೆ ತುಂಬಿರುತ್ತೆ, ವಾರದ ನಡುವೆ ಹೋಗಿ. ಸೇಬಿನ ತೋಟಗಳಲ್ಲಿ ದುಡ್ಡು ಕೊಟ್ಟು ನಾವೇ ಹಣ್ಣು ಕೀಳಬಹುದು. ಮೊಮ್ಮಕ್ಕಳಿದ್ದರೆ ಕುಂಬಳಕಾಯಿ ಹೊಲಕ್ಕೂ ಕರೆದುಕೊಂಡು ಹೋಗಿ.

ಪ್ರಶ್ನೆ (ಕೊಪ್ಪಳ, ಹೈಸ್ಕೂಲ್ ವಿಜ್ಞಾನ ಶಿಕ್ಷಕಿ): ಮಕ್ಕಳು ಕೇಳ್ತಾರೆ ಮೇಡಂ, ನಮ್ಮ ಮರ ಯಾಕೆ ಅಕ್ಟೋಬರ್‌ನಲ್ಲಿ ಕೆಂಪಾಗಲ್ಲ ಅಂತ. ನಿಮ್ಮ ಅನುಭವದಿಂದ ಹೇಳಿ.

ಉತ್ತರ: ಟೀಚರ್‌ಗೆ ನಾನು ಪಾಠ ಹೇಳೋದಾ! ಆದರೂ ನಮ್ಮ ಟೂರ್‌ನವರಿಗೆ ಹೇಳುವ ಹಾಗೆ ಹೇಳ್ತೀನಿ. ಅಲ್ಲಿ ಹಗಲು ಚಿಕ್ಕದಾಗಿ, ರಾತ್ರಿ ತಣ್ಣಗಾದಾಗ ಮರ ಎಲೆಯ ಹಸಿರನ್ನು ಒಡೆದು ಒಳಗೆ ಎಳೆದುಕೊಳ್ಳುತ್ತೆ. ಹಳದಿ ಮೊದಲಿಂದಲೂ ಎಲೆಯಲ್ಲೇ ಇತ್ತು, ಹಸಿರು ಹೋದಾಗ ಕಾಣುತ್ತೆ. ಕೆಂಪು ಮಾತ್ರ ಹೊಸದಾಗಿ ಆಗೋದು, ಎಲೆಯಲ್ಲಿ ಉಳಿದ ಸಕ್ಕರೆಯಿಂದ. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಜಾಸ್ತಿ.

ನಮ್ಮ ಕಡೆ ಮರ ಎಲೆ ಬಿಡೋದು ಚಳಿಗಲ್ಲ, ನೀರಿಲ್ಲದ್ದಕ್ಕೆ. ನಮಗೆ ಮಳೆ ಜಾಸ್ತಿ ಬೀಳೋದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಮರ ಎಲೆ ಯಾಕೆ ಬಿಡುತ್ತೆ? ಸಂಕ್ರಾಂತಿ ಕಳೆದು ನೆಲ ಒಣಗಿದ ಮೇಲೆ ಉದುರಿಸುತ್ತೆ. ಶಿವರಾತ್ರಿ ಹೊತ್ತಿಗೆ ಮುತ್ತುಗ ಎಲೆಯಿಲ್ಲದೆ ಬರೀ ಹೂವಾಗಿ ನಿಂತಿರುತ್ತೆ. ಯುಗಾದಿ ಹೊತ್ತಿಗೆ ಅರಳಿ ಮರದ ತಳಿರು ತಾಮ್ರದ ಬಣ್ಣ. ಅದೂ ಚಿನಾರ್‌ನಲ್ಲಿರೋ ಕೆಂಪಿನ ಜಾತಿಯದೇ. ಮಕ್ಕಳಿಗೆ ಉದುರುವ ಕೆಂಪೆಲೆಯೇ ತೋರಿಸಬೇಕು ಅಂದರೆ ಶಾಲೆ ಅಂಗಳದ ಬಾದಾಮಿ ಮರ ನೋಡಲಿ. ಚಳಿಗಾಲದಲ್ಲಿ ಅದರ ದೊಡ್ಡ ಎಲೆ ಕಡು ಕೆಂಪಾಗಿಯೇ ಬೀಳುತ್ತೆ.

ಪ್ರಶ್ನೆ (ಗಂಗಾವತಿ, ರೈತರು): ಅಕ್ಕಾರ, ನವೆಂಬರ್ ಅಂದ್ರ ನಮಗ ಭತ್ತದ ಕೊಯ್ಲು. ಎಲ್ಲೂ ಹೋಗಾಕ ಆಗಲ್ಲ. ಒಂದ್ ದಿನದಾಗ ಹೋಗಿ ಬರೋದು ಹೇಳ್ರಿ.

ಉತ್ತರ: ಅಣ್ಣಾರ, ನಿಮಗೆ ಸಂಡೂರು. ನಿಜ ಹೇಳಬೇಕಂದರೆ ನನಗೆ ಬಹಳ ಪ್ರೀತಿಯ ಜಾಗ ಅದು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. 'ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ' ಎಂಬ ಮಾತನ್ನು ಇಲ್ಲಿನವರು ಅವರ ಹೆಸರಿನಲ್ಲೇ ಹೇಳುತ್ತಾರೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಕೊನೆಯವರೆಗೂ ಒಳ್ಳೆಯದೇ. ಕೆಂಪು ಮಣ್ಣು, ಅದರ ಮೇಲೆ ದಟ್ಟ ಹಸಿರು, ಬೆಳಗಿನ ಮೋಡ ಗುಡ್ಡದ ಅರ್ಧಕ್ಕೆ ಇಳಿದಿರುತ್ತೆ. ಮನೆಯಿಂದ ಐದಕ್ಕೇ ಹೊರಡಿ, ತಡವಾದರೆ ತೋರಣಗಲ್ಲು ದಾರಿಯಲ್ಲಿ ಲಾರಿ ಹಿಂದೆ ಧೂಳು ಕುಡಿಯಬೇಕಾಗುತ್ತೆ. ನಾರಿಹಳ್ಳ ಜಲಾಶಯ ನೋಡಿ, ಸ್ವಾಮಿಮಲೆಗೆ ಹೋಗಿ ಕುಮಾರಸ್ವಾಮಿ, ಪಾರ್ವತಿ ದೇವಸ್ಥಾನ ಮಾಡಿಕೊಳ್ಳಿ. ಗುಡ್ಡದಲ್ಲಿ ಆಗ ಸೀತಾಫಲದ ಕಾಲ. ಬುಟ್ಟಿ ಇಟ್ಟುಕೊಂಡು ದಾರಿ ಬದಿ ಕೂತಿರುವ ಹೆಂಗಸರ ಹತ್ತಿರ ತೊಗೊಳ್ಳಿ, ಚೌಕಾಸಿ ಮಾಡಬೇಡಿ. ಕಣ್ಣು ಬಿಟ್ಟ ಕಾಯಿ ಆರಿಸಿ, ಎರಡು ದಿನದಲ್ಲಿ ಹಣ್ಣಾಗುತ್ತೆ. ವಾಪಸ್ ಬರುವಾಗ ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ. ಕರಡಿ ಬಂಡೆ ಮೇಲೆ ಬರೋದು ಸಂಜೆಯೇ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಆ ವಾರದಲ್ಲೇ ಹೋಗಿಬನ್ನಿ.

ಪ್ರಶ್ನೆ (ಬಳ್ಳಾರಿ, ಮೊದಲನೆಯವರೇ): ದೀಪಾವಳಿ ಆದ ಮೇಲೆ ಹೋಗೋದು ಅಂತ ಮನೆಯಲ್ಲಿ ಒಪ್ಪಿದರು ಮೇಡಂ. ಟಿಕೆಟ್, ಗಾಡಿ ಹೇಗೆ?

ಉತ್ತರ: ಅಪ್ಪ ಅವ್ವ ಇದ್ದಾರಲ್ಲ, ಬೆಂಗಳೂರು ಅಥವಾ ಹೈದರಾಬಾದ್‌ನಿಂದ ವಿಮಾನವೇ ಮಾಡಿ. ಖರ್ಚು ಕಮ್ಮಿ ಮಾಡಬೇಕಂದರೆ ಗುಂತಕಲ್ ಅಥವಾ ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಅಲ್ಲಿಂದ ಶ್ರೀನಗರಕ್ಕೆ ಹಾರಬಹುದು. ರೈಲಿನಲ್ಲೇ ಪೂರ್ತಿ ಹೋಗುವವರಿಗೂ ಈಗ ದಾರಿ ಇದೆ. 2025ರ ಜೂನ್‌ನಿಂದ ಜಮ್ಮು ಕಡೆಯ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲು ಓಡುತ್ತಿದೆ, ಸುಮಾರು ಮೂರು ಗಂಟೆ. ಹೊಳೆಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟುತ್ತೆ. ರೈಲು ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತೆ, ಆ ದಿನ ಬೆಳಗ್ಗೆಯೇ ಮಾಡಿ.

ಶ್ರೀನಗರದಲ್ಲಿ ಇಡೀ ಟೂರ್‌ಗೆ ಒಂದೇ ಗಾಡಿ ಮಾಡಿ. ಆದರೆ ಪಹಲ್ಗಾಮ್‌ನೊಳಗೆ ಆರು ಎಂಬ ಕಣಿವೆ, ಚಂದನವಾಡಿ ಕಡೆ ಅಲ್ಲಿನ ಯೂನಿಯನ್ ಗಾಡಿಯೇ ಆಗಬೇಕು, ಆ ದುಡ್ಡು ಬೇರೆ. ಪ್ಯಾಕೇಜ್ ಕೊಡುವವರನ್ನು ಇದೊಂದು ಕೇಳಿ ಬರೆಸಿಕೊಳ್ಳಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಮನೆಯಲ್ಲಿ ಇಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಕೇಸರಿ ಕೊಳ್ಳುವಾಗ ಎರಡು ಎಳೆ ಬಿಸಿ ನೀರಿಗೆ ಹಾಕಿಸಿ. ಅಸಲಿಯಾದರೆ ನೀರು ನಿಧಾನಕ್ಕೆ ಹಳದಿಯಾಗುತ್ತೆ, ಎಳೆ ಕೆಂಪಾಗಿಯೇ ಉಳಿಯುತ್ತೆ. ಹಾಕಿದ ತಕ್ಷಣ ನೀರೆಲ್ಲ ಕೆಂಪಾದರೆ ಬಿಟ್ಟು ಬನ್ನಿ.

ಟಿಕೆಟ್ ಮಾಡುವ ಮುಂಚೆ ಆರೂ ಜನರ ಆಧಾರ್ ಎದುರಿಗಿಟ್ಟುಕೊಳ್ಳಿ. ಅವ್ವನ ಹೆಸರು ಮನೆಯಲ್ಲಿ ಕರೆಯುವುದೊಂದು, ಕಾರ್ಡ್‌ನಲ್ಲಿರೋದೊಂದು ಇರುತ್ತೆ. ಕಾರ್ಡ್‌ನಲ್ಲಿ ಇದ್ದ ಹಾಗೇ ಬರೆಸಿ, ಮೂಲ ಕಾರ್ಡ್ ಕೈಚೀಲದಲ್ಲಿರಲಿ.