ವಾಸ್ತವವಾದ ಬಾಯಿಪಾಠವಿದೆ, ಉತ್ತರ ಬರೆಯಲು ಕೈ ಓಡುವುದಿಲ್ಲ

ಪ್ರಶ್ನೆ: ಹಾಸನದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ದೇಶಗಳು ಅಧಿಕಾರ, ಭದ್ರತೆಯ ಲೆಕ್ಕದಲ್ಲೇ ನಡೆದುಕೊಳ್ಳುತ್ತವೆ ಎನ್ನುವ ವಾಸ್ತವವಾದದ ಚಿಂತಕರಾದ ಮಾರ್ಗೆಂಥೊ, ವಾಲ್ಟ್ಜ್ ಹೇಳಿದ್ದೆಲ್ಲ ನೆನಪಿದೆ. ‘ಒಂದು ದೇಶದ ವಿದೇಶಾಂಗ ನೀತಿಯನ್ನು ವಾಸ್ತವವಾದ ಹೇಗೆ ವಿವರಿಸುತ್ತದೆ’ ಎಂದು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತೇನೆ. ಓದಿ ದಾಟಿದವರು ದಾರಿ ಹೇಳಿ.

ಅರಸೀಕೆರೆ ಕಡೆಯವನು: ನಮ್ಮ ಗದ್ದೆ ಕೆರೆ ಅಚ್ಚುಕಟ್ಟಿನ ಕೊನೆಯಲ್ಲಿದೆ. ಒಂದು ವರ್ಷ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಹಾಸಿಗೆ ಹಿಡಿದರು. ಆ ವಾರವೆಲ್ಲ ಅಪ್ಪ ಬ್ಯಾಟರಿ, ಕಂಬಳಿ ಹಿಡಿದು ತೂಬಿನ ಬಳಿಯೇ ಮಲಗಿದರು. ಮೇಲಿನ ಗದ್ದೆಯವರು ಕೆಟ್ಟವರಲ್ಲ, ನಮ್ಮ ನೆಂಟರೇ. ಆದರೂ ನಂಬಿ ಮನೆಯಲ್ಲಿ ಮಲಗುವ ಧೈರ್ಯ ಬರಲಿಲ್ಲ. ವಾಲ್ಟ್ಜ್ 1979ರಲ್ಲಿ ಬರೆದ ಅರಾಜಕತೆ ನನಗೆ ಅರ್ಥವಾದದ್ದು ಹೀಗೆ: ದೇಶಗಳ ಮೇಲೆ ನೀರುಗಂಟಿ ಇಲ್ಲ. ಮಾರ್ಗೆಂಥೊ ಶುರುಮಾಡುವುದು ಮನುಷ್ಯನ ಅಧಿಕಾರದಾಸೆಯಿಂದ.

ಚಿಕ್ಕಮಗಳೂರಿನಲ್ಲಿ ಪಾಠ ಹೇಳುವವಳು: ನಾನೂ ಪುಟಗಟ್ಟಲೆ ವ್ಯಾಖ್ಯೆ ಬರೆದು ಅಂಕ ಕಳೆದುಕೊಂಡವಳೇ. ಆಮೇಲೆ ಒಂದೇ ಘಟನೆ ಹಿಡಿದು ಕೂತೆ: 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅಮೆರಿಕದ ಅಧ್ಯಕ್ಷರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದ ಗುಟ್ಟಾಗಿ ಬೀಜಿಂಗ್‌ಗೆ ಹೋಗಿಬಂದಿದ್ದರು. ಅಮೆರಿಕ, ಚೀನಾ, ಪಾಕಿಸ್ತಾನ ಹತ್ತಿರವಾಗುತ್ತಿದ್ದಂತೆ ಅಲಿಪ್ತ ಭಾರತ ಮಾಸ್ಕೋದ ಕೈ ಹಿಡಿಯಿತು. ಇದು ಶಕ್ತಿ ಸಮತೋಲನ. ಆದರೆ ಸೋವಿಯತ್ ಒಕ್ಕೂಟ ಚೀನಾಕ್ಕಿಂತ ಬಲಶಾಲಿ. ಅದಕ್ಕೆ ಏಕೆ ಹೆದರಲಿಲ್ಲ? ಇಲ್ಲಿ ಸ್ಟೀಫನ್ ವಾಲ್ಟ್ ಬರಬೇಕು (ವಾಲ್ಟ್ಜ್ ಬೇರೆ, ವಾಲ್ಟ್ ಬೇರೆ, ಒಂದು ವರ್ಷ ಇಬ್ಬರನ್ನೂ ಒಬ್ಬರೆಂದೇ ನಂಬಿದ್ದೆ). ದೇಶಗಳು ಬರಿಯ ಬಲವನ್ನಲ್ಲ, ಬೆದರಿಕೆಯನ್ನು ನೋಡುತ್ತವೆ, ನೆರೆಯಲ್ಲಿ ಯಾರಿದ್ದಾರೆ, ಅವರ ಉದ್ದೇಶವೇನು ಎಂದು ಲೆಕ್ಕ ಹಾಕುತ್ತವೆ ಎಂಬುದು ಅವರ ವಾದ. 1962ರಲ್ಲಿ ಗಡಿ ದಾಟಿ ಬಂದದ್ದು ಚೀನಾ.

ಇನ್ನು ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ. ತನ್ನ ಸಿದ್ಧಾಂತ ವಿದೇಶಾಂಗ ನೀತಿಯದ್ದಲ್ಲ, ಅಂತರರಾಷ್ಟ್ರೀಯ ರಾಜಕಾರಣದ್ದು ಎಂದು ವಾಲ್ಟ್ಜ್ ಅವರೇ ಹೇಳಿದ್ದಾರೆ. ಹೊರಗಿನ ಒತ್ತಡ ಎಷ್ಟೆಂದು ಅದು ಹೇಳುತ್ತದೆ, ದೆಹಲಿ ಯಾವಾಗ ಏನು ಮಾಡುತ್ತದೆ ಎಂದಲ್ಲ. ಚೀನಾ 1964ರಲ್ಲಿ ಅಣುಬಾಂಬ್ ಪರೀಕ್ಷಿಸಿತು. ನಮ್ಮ ಪೋಖ್ರಾನ್ 1974ರಲ್ಲಿ. ಬೆದರಿಕೆಯೊಂದೇ ಕಾರಣವಾದರೆ ಹತ್ತು ವರ್ಷ ಏಕೆ ಬೇಕಾಯಿತು? ನಡುವೆ ಪ್ರಧಾನಿ ಶಾಸ್ತ್ರಿ ತೀರಿಕೊಂಡರು, ಬರ ಬಂತು, ಆಳುವ ಪಕ್ಷ ಒಡೆಯಿತು. ಒತ್ತಡ ಇವೆಲ್ಲವನ್ನೂ ಹಾದು ನೀತಿಯಾಗುತ್ತದೆ ಎನ್ನುವವರಿಗೆ ಗಿಡಿಯನ್ ರೋಸ್ 1998ರಲ್ಲಿ ಇಟ್ಟ ಹೆಸರು ನವ ಅಭಿಜಾತ ವಾಸ್ತವವಾದಿಗಳು. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವವರು ಇವರೇ.

ಸಕಲೇಶಪುರದ ಬೆಳೆಗಾರ: ಒಬ್ಬರು ರಕ್ಷಣೆ ಹೆಚ್ಚಿಸಿಕೊಂಡರೆ ನೆರೆಯವರೂ ಹೆಚ್ಚಿಸಿಕೊಳ್ಳಬೇಕಾಗುವ ‘ಭದ್ರತಾ ಸಂದಿಗ್ಧ’ಕ್ಕೆ ನನ್ನ ಉದಾಹರಣೆ ಸೋಲಾರ್ ಬೇಲಿ. ನಾನು ಹಾಕಿದೆ, ಆನೆ ಪಕ್ಕದ ತೋಟಕ್ಕೆ ನುಗ್ಗಿತು, ಅವರೂ ಹಾಕಿದರು.

ಪಾಠ ಹೇಳುವವಳು: ಚೆನ್ನಾಗಿದೆ ಸರ್, ಆದರೆ ಕುಂಟುತ್ತದೆ. ಅಲ್ಲಿ ಇಬ್ಬರೂ ಹೆದರುವುದು ಆನೆಗೆ. ಸಂದಿಗ್ಧದಲ್ಲಿ ನೆರೆಯವರು ನಿಮ್ಮ ಬೇಲಿಗೇ ಹೆದರಬೇಕು.

ಪ್ರಶ್ನೆ ಕೇಳಿದವಳು: ಮೇಡಂ, ನೀರುಗಂಟಿಯನ್ನು ಉತ್ತರದಲ್ಲಿ ಬರೆಯಬಹುದೇ?

ಪಾಠ ಹೇಳುವವಳು: ಪೀಠಿಕೆಯಲ್ಲಿ ಒಂದು ಸಾಲು. ಮುಂದಿನ ಸಾಲಿಗೇ 1971ಕ್ಕೆ ಬನ್ನಿ.