ಅಜ್ಜಿಯ ವಯಸ್ಸು ಎಷ್ಟು ಅಂತ ಹಾಕೋದು? ವರ್ಷದ ತಿಥಿಗೆ ಪುಸ್ತಕ ಮಾಡುತ್ತಿದ್ದೇವೆ

ಗೌರಿಬಿದನೂರು ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ (ಅಪ್ಪನ ಅಮ್ಮ) 2025ರಲ್ಲಿ ತೀರಿಕೊಂಡರು. ಇನ್ನೇನು ವರ್ಷದ ತಿಥಿ ಬಂತು. ಬಂದವರಿಗೆ ಸ್ಟೀಲ್ ಡಬ್ಬಿ ಕೊಡುವ ಬದಲು ಅಜ್ಜಿಯ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿ ಹಂಚೋಣ ಅಂತ ನಾನೇ ಬಾಯಿ ಬಿಟ್ಟೆ. ಎಲ್ಲರೂ ಒಪ್ಪಿದರು, ಕೆಲಸ ನನ್ನ ತಲೆಗೆ ಬಂತು.

ಮೊದಲನೇ ಪುಟದಲ್ಲೇ ಜಗಳ. ಆಧಾರ್‌ನಲ್ಲಿ 01-01-1936 ಅಂತಿದೆ. ಅದನ್ನು ನಂಬುವ ಹಾಗಿಲ್ಲ, ನಮ್ಮೂರಲ್ಲಿ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದ್ದಾರೆ. ದೊಡ್ಡಪ್ಪ 102 ಅನ್ನುತ್ತಾರೆ. ಅಜ್ಜಿ ಧಾತು ಸಂವತ್ಸರದ ಬರಗಾಲದ ಕಥೆ ಹೇಳುತ್ತಿದ್ದರು, ಅಷ್ಟು ಹಳಬರು ಅಂತ ಅವರ ವಾದ. ಅತ್ತೆ, ಅಂದರೆ ಅಜ್ಜಿಯ ಕೊನೇ ಮಗಳು, ತೊಂಬತ್ತು ದಾಟಿತ್ತು ಅಷ್ಟೇ ಅನ್ನುತ್ತಾರೆ. ಅಜ್ಜಿ ಬಾಯಲ್ಲಿ ನಾನು ಕೇಳಿದ್ದು ಎರಡೇ ಗುರುತು. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ ದಿನ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಹೊಲದ ಮೇಲೆ ಓಡಿ ಬಂದರಂತೆ, ಓಟದಲ್ಲಿ ಅವನ ಕಾಲಂದಿಗೆ ಒಂದು ಕಳೆದುಹೋಗಿ ಮನೆಯಲ್ಲಿ ಒದೆ ತಿಂದರಂತೆ. ಇನ್ನೊಂದು, ಸ್ವಾತಂತ್ರ್ಯ ಬಂದ ವರ್ಷವೇ ಮದುವೆ.

ಎರಡನೇ ತೊಂದರೆ ಇನ್ನೂ ದೊಡ್ಡದು. ಸಂಬಂಧಿಕರೊಬ್ಬರು ಪುಸ್ತಕಕ್ಕೆ ಬರೆದುಕೊಟ್ಟಿದ್ದಾರೆ: ಕರುಣಾಮಯಿ, ತ್ಯಾಗಮೂರ್ತಿ, ಸಹನೆಯ ಗಣಿ. ನಮ್ಮಜ್ಜಿಗೂ ಸಹನೆಗೂ ಎಣ್ಣೆ ಸೀಗೆಕಾಯಿ! ಅಪ್ಪ ಮೂರನೇ ಕ್ಲಾಸಿನಲ್ಲಿದ್ದಾಗ ತಾತ ಹೋದರು. ನಾಲ್ಕು ಮಕ್ಕಳು. ಬೇರೆಯವರ ಹೊಲ ವಾರಕ್ಕೆ (ಬೆಳೆಯಲ್ಲಿ ಧಣಿಗೆ ಪಾಲು ಕೊಟ್ಟು ಉಳುವುದು) ಮಾಡಿ ಸಾಕಿದರು, ಆಮೇಲೆ ಹೊಲ ಅವರದೇ ಆಯಿತು, ರೇಷ್ಮೆ ಹಾಕಿದರು. ಬೀಡಿ ಸೇದಿ ಬಂದವರನ್ನು ಹುಳದ ಮನೆ ಬಾಗಿಲಲ್ಲೇ ತಡೆಯುತ್ತಿದ್ದರು. ಒಂದು ಸಲ ದೊಡ್ಡ ಅಳಿಯನನ್ನೇ ತಡೆದು, ಆ ಮಾವ ಎರಡು ಹಬ್ಬಕ್ಕೆ ನಮ್ಮ ಮನೆಗೆ ಬರಲಿಲ್ಲ. ಕಣ್ಣು ಮಂಜಾದ ಮೇಲೂ ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳ ಆರಿಸೋಕೆ ಅವರೇ ಕೂರುತ್ತಿದ್ದರು. ಒಂದೊಂದೇ ಹುಳ ಎತ್ತಿ ಬಲ್ಬಿನ ಬೆಳಕಿಗೆ ಹಿಡಿಯುವುದು, ಮೈ ತಿಳಿಯಾಗಿ ಬೆಳಕು ಹಾಯ್ದರೆ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆ), ಇಲ್ಲದಿದ್ದರೆ ವಾಪಸ್ ಸೊಪ್ಪಿಗೆ. ಬಾಯಲ್ಲಿ ಕನ್ನಡ, ದುಡ್ಡಿನ ಲೆಕ್ಕ ಮಾತ್ರ ತೆಲುಗು. ಈ ಹೆಂಗಸನ್ನು ತ್ಯಾಗಮೂರ್ತಿ ಮಾಡಿ ಕೂರಿಸಿದರೆ ಓದಿದವರಿಗೆ ಯಾರ ಅಜ್ಜಿ ಅಂತಲೇ ಗೊತ್ತಾಗಲ್ಲ.

ವಯಸ್ಸು ಪತ್ತೆ ಮಾಡೋಕೆ ದಾರಿ ಇದೆಯಾ? ಓದು ಬರಹ ಬಾರದವರ ಬಗ್ಗೆ ಏನೇನು ಕಾಗದ ಸಿಗಬಹುದು? ಹಿಂದೆ ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ಪಿನಾಕಿನಿ ದಂಡೆ

ನಿಮ್ಮಜ್ಜಿ ಒಳ್ಳೇ ಗುರುತನ್ನೇ ಬಿಟ್ಟುಹೋಗಿದ್ದಾರೆ. ಗೋಲಿಬಾರ್ ಆಗಿದ್ದು 1938ರ ಏಪ್ರಿಲ್ 25. ಆಗ ವಿದುರಾಶ್ವತ್ಥ ಕೋಲಾರ ಜಿಲ್ಲೆಗೆ ಸೇರಿತ್ತು, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಮೈಸೂರು ಸರ್ಕಾರ ಕಾಂಗ್ರೆಸ್ ಬಾವುಟ ಹಾರಿಸಬಾರದು, ಸಭೆ ಮಾಡಬಾರದು ಅಂತ ತಡೆ ಹಾಕಿತ್ತು, ಜನ ಕೇಳಲಿಲ್ಲ, ಪೊಲೀಸರು ಗುಂಡು ಹಾರಿಸಿದರು.

ಈಗ ಲೆಕ್ಕ ಹಾಕಿ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಹೊಲದ ಮೇಲೆ ಓಡಬೇಕಾದರೆ ಹುಡುಗಿಗೆ ಆರೇಳು ವರ್ಷವಾದರೂ ಆಗಿರಬೇಕು. 1936ರಲ್ಲಿ ಹುಟ್ಟಿದ್ದರೆ ಅವರನ್ನೇ ಯಾರಾದರೂ ಎತ್ತಿಕೊಳ್ಳಬೇಕಿತ್ತು, ಆಧಾರ್ ಅಲ್ಲಿಗೆ ಸುಳ್ಳಾಯಿತು. 102 ಅಂದರೆ ಹುಟ್ಟಿದ್ದು 1923, ಮದುವೆ ಹೊತ್ತಿಗೆ 24. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅಷ್ಟು ದಿನ ಹೆಣ್ಣುಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರಾ? ದೊಡ್ಡಪ್ಪನವರ ಲೆಕ್ಕವೂ ಕೂರಲ್ಲ. ನನ್ನ ಅಂದಾಜು 1930ರಿಂದ 32ರ ಒಳಗೆ.

ಧಾತು ಬರ ಬಂದದ್ದು 1876ರಲ್ಲಿ. ಅದು ನಿಮ್ಮಜ್ಜಿಗೆ ಅವರ ಅಜ್ಜಿ ಹೇಳಿದ ಕಥೆ ಇರುತ್ತೆ. ಹೇಳುವಾಗ ಹಿಂದಿನವರು ಎಲ್ಲವನ್ನೂ ತಾವೇ ಕಂಡ ಹಾಗೆ ಹೇಳುತ್ತಿದ್ದರು ಅಲ್ವಾ. ಅರವತ್ತು ವರ್ಷಕ್ಕೆ ಸಂವತ್ಸರದ ಹೆಸರು ತಿರುಗಿ ಬರುತ್ತೆ, 1936ರಲ್ಲೂ ಧಾತುವೇ, ಹಾಗಾಗಿ ಇನ್ನೂ ಗೊಂದಲ. ಮನೆಯಲ್ಲಿ ಯಾರಿಗಾದರೂ ಅಜ್ಜಿ ಹುಟ್ಟಿದ ಸಂವತ್ಸರ ನೆನಪಿದೆಯಾ ಕೇಳಿ. 1930 ಪ್ರಮೋದೂತ, 31 ಪ್ರಜೋತ್ಪತ್ತಿ, 32 ಆಂಗೀರಸ. ಯುಗಾದಿಯಿಂದ ಯುಗಾದಿಗೆ.

ನಮ್ಮ ಕಡೆ ಆ ವಯಸ್ಸಿನವರೆಲ್ಲ ಗೋಲಿಬಾರ್ ದಿನ ಅಲ್ಲೇ ಇದ್ದೆ ಅನ್ನುತ್ತಾರೆ. ನಾನು ಅರ್ಧ ನಂಬುತ್ತೇನೆ. ಆದರೆ ಕಾಲಂದಿಗೆ ಕಳೆದು ಒದೆ ತಿಂದದ್ದನ್ನು ಯಾರೂ ಕಟ್ಟಿ ಹೇಳಲ್ಲ.

ರೆಕಾರ್ಡ್ ರೂಮ್ ರಿಟೈರ್ಡ್

ವಾರಕ್ಕೆ ಮಾಡುತ್ತಿದ್ದ ಹೊಲ ಆಮೇಲೆ ಅವರದೇ ಆಯಿತು ಅಂದಿರಲ್ಲ, ಅಲ್ಲೇ ಇದೆ ನಿಮಗೆ ಬೇಕಾದ ಕಾಗದ. ಕೊಂಡಿದ್ದಲ್ಲ ಅಂದರೆ ಭೂಸುಧಾರಣೆಯಲ್ಲಿ ಬಂದಿರುತ್ತೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವರು ಫಾರಂ 7 ಹಾಕಿ ಕೇಳಿಕೊಳ್ಳಬೇಕಿತ್ತು. ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಆದೇಶ ಕೊಡುತ್ತಿತ್ತು, ಗೆದ್ದವರಿಗೆ ಫಾರಂ 10, ಅಂದರೆ ಜಮೀನಿನ ಹಕ್ಕಿನ ಪತ್ರ.

ಆ ಫೈಲಿನಲ್ಲಿ ಅರ್ಜಿದಾರರ ಹೇಳಿಕೆ ಇರುತ್ತೆ. ಹೇಳಿಕೆಯ ಮೊದಲ ಸಾಲೇ ಹೆಸರು, ಗಂಡನ ಹೆಸರು, ವಯಸ್ಸು, ಕಸುಬು, ವಾಸ. ಗುಮಾಸ್ತ ಅಂದಾಜಲ್ಲೇ ಬರೆದಿರುತ್ತಾನೆ, ಆದರೂ ಎದುರಿಗೆ ನಿಂತವರನ್ನು ನೋಡಿ ಬರೆದದ್ದು. 1936ರ ಆಧಾರ್‌ಗಿಂತ ನಾನು ಅದನ್ನೇ ನಂಬುತ್ತೇನೆ. ಇನ್ನೊಂದು ವಿಷಯ ಈಗಿನವರಿಗೆ ಗೊತ್ತಿರಲ್ಲ, ಆಗ ಆ ಮಂಡಳಿ ಮುಂದೆ ವಕೀಲರು ಬರುವ ಹಾಗಿರಲಿಲ್ಲ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಅವರ ಮುಂದೆ ಗೇಣಿದಾರರು ತಾವೇ ನಿಂತು ಮಾತಾಡಬೇಕಿತ್ತು. ಗಂಡ ಇಲ್ಲದ ಹೆಂಗಸು, ಎದುರಿಗೆ ಜಮೀನ್ದಾರ, ಅದೂ ಅದೇ ಊರಿನವನು, ನಾಳೆ ಬೆಳಗ್ಗೆ ಅವನ ಮನೆ ಮುಂದೆಯೇ ನೀರಿಗೆ ಹೋಗಬೇಕು. ಎಷ್ಟೋ ಗಂಡಸರೇ ಹೆದರಿ ಫಾರಂ ಹಾಕಲಿಲ್ಲ, ಕೆಲವರು ಹಾಕಿ ವಾಪಸ್ ತೆಗೆದುಕೊಂಡರು, ನಾನು ಕಂಡಿದ್ದೇನೆ.

ಮನೆಯ ಟ್ರಂಕಿನಲ್ಲಿ ಫಾರಂ 10 ಇದೆಯಾ ಮೊದಲು ಹುಡುಕಿ, ಕೇಸ್ ನಂಬರ್ ಅದರಲ್ಲೇ ಇರುತ್ತೆ. ಇಲ್ಲದಿದ್ದರೆ ಸರ್ವೆ ನಂಬರ್ ಹಿಡಿದು ಹಳೇ ಕೈಬರಹದ ಪಹಣಿ, ಮ್ಯುಟೇಶನ್ ತೆಗೆಸಿ. ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಿ. ಸ್ವಲ್ಪ ಓಡಾಟ ಇದೆ. ಮಕ್ಕಳ ಸ್ಕೂಲ್ ಟಿಸಿ ಮೇಲೆ ಜಾಸ್ತಿ ನಂಬಿಕೆ ಬೇಡ. ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಸಿಕ್ಕಿದರೆ ಸೇರಿಸಿಕೊಂಡು, ಮೇಷ್ಟ್ರು ತೋಚಿದ ತಾರೀಖು ಹಾಕುತ್ತಿದ್ದರು.

ಊಟಕ್ಕೆ ಬರುವವ

102 ಅಂತಲೇ ಹಾಕಿ ಸಾರ್, ಯಾರು ಬಂದು ಎಣಿಸುತ್ತಾರೆ. ಶತಾಯುಷಿ ಅಂದರೆ ಬ್ಯಾನರ್‌ಗೂ ಚೆನ್ನಾಗಿರುತ್ತೆ.

ಮೂರನೇ ಸೊಸೆ

ನಾನು ಶಿಡ್ಲಘಟ್ಟದ ಕಡೆಯವಳು. ನಿಮ್ಮಲ್ಲಿ ದೊಡ್ಡಪ್ಪ ಹೇಳಿದರು, ಅತ್ತೆ ಹೇಳಿದರು. ಸೊಸೆಯರು ಏನು ಹೇಳಿದರು? ಅಜ್ಜಿ ಜೊತೆ ಒಂದೇ ಒಲೆ ಮುಂದೆ ಜೀವನ ಕಳೆದವರು ನಿಮ್ಮಮ್ಮ, ದೊಡ್ಡಮ್ಮ. ಅವರನ್ನು ಬಿಟ್ಟು ಪುಸ್ತಕ ಮಾಡಬೇಡಿ. ಹಾಗಂತ "ಅಜ್ಜಿ ಹೇಗಿದ್ದರು" ಅಂತ ಕೇಳಿದರೆ "ದೇವರಂಥವರು" ಅಂದು ಸೆರಗಲ್ಲಿ ಕಣ್ಣು ಒರೆಸಿಕೊಂಡು ಎದ್ದು ಹೋಗುತ್ತಾರೆ. ಸಣ್ಣದಾಗಿ ಕೇಳಬೇಕು. ಉಗ್ರಾಣದ ಬೀಗದ ಕೈ ನಿಮ್ಮ ಕೈಗೆ ಯಾವಾಗ ಬಂತು? ಹಸು ಮಾರುವಾಗ ಯಾರನ್ನು ಕೇಳುತ್ತಿದ್ದರು? ಗೂಡು ಮಾರಿದ ದುಡ್ಡು ಎಲ್ಲಿಡುತ್ತಿದ್ದರು? ಒಂದು ಬೀಗದ ಕೈ ಕೇಳಿದ್ದಕ್ಕೆ ನಮ್ಮ ಓರಗಿತ್ತಿ ಒಂದು ಸಂಜೆ ಪೂರ್ತಿ ಮಾತಾಡಿದಳು.

ನಮ್ಮತ್ತೆ ಬಗ್ಗೆ ನನಗೆ ಗೊತ್ತಾದದ್ದೂ ಹಾಗೇ. ಹಿಂದೆ ರಾಗಿಯನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಅದನ್ನು ತೆಗೆಯುವಾಗ ತಕ್ಷಣ ಇಳಿಯುವ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತೆ. ಬಾಯಿ ತೆಗೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ಆರಿದರೆ ಇಳಿಯಬಾರದು. ಒಂದು ಸಲ ದೀಪ ಆರಿದರೂ ಮೈದುನ ಹಟ ಮಾಡಿ ಇಳಿಯೋಕೆ ಹೋದಾಗ ನಮ್ಮತ್ತೆ ಅವನ ಜುಟ್ಟು ಹಿಡಿದು ಎಳೆದು ಕೆನ್ನೆಗೆ ಬಾರಿಸಿದರಂತೆ, ಊರಿನವರ ಮುಂದೆ. ಆಮೇಲೆ ವರ್ಷಗಟ್ಟಲೆ ಅವನು ಮಾತು ಬಿಟ್ಟ. ಇದನ್ನು ನಮ್ಮತ್ತೆ ಒಂದು ದಿನವೂ ಹೇಳಿರಲಿಲ್ಲ, ಹೇಳಿದ್ದು ಪಕ್ಕದ ಮನೆಯವರು.

ಸೊಸೆಯರಿಗೆ ಆಡಿದ ಮಾತು, ಹಾಕಿದ ಕಣ್ಣೀರು ಇದ್ದರೆ ಅದೂ ಬರಲಿ. ಪೂರ್ತಿ ಅಲ್ಲದಿದ್ದರೂ ಸ್ವಲ್ಪ.

ಗೌರಿಬಿದನೂರು ಮೊಮ್ಮಗ

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಓಡಾಟ ಇತ್ತು.

ರೆಕಾರ್ಡ್ ರೂಮ್ ಸರ್, ನಿಮ್ಮ ಕಾಲಿಗೆ ಬೀಳಬೇಕು. ಫಾರಂ 10 ಟ್ರಂಕಿನಲ್ಲೇ ಇತ್ತು, ಅಜ್ಜಿಯ ಮದುವೆ ಸೀರೆಯ ಮಡಿಕೆಯೊಳಗೆ. ಫೈಲ್ ಸಿಕ್ಕಿತು. ಹೇಳಿಕೆ 1976ರದ್ದು, ವಯಸ್ಸು "ಸುಮಾರು 45 ವರ್ಷ". ಅಂದರೆ 1931. ಪಿನಾಕಿನಿಯವರ ಲೆಕ್ಕಕ್ಕೆ ಸರಿಯಾಗಿ ಬಂತು.

ಒಂದೂವರೆ ಪುಟದ ಹೇಳಿಕೆ. ಗಂಡ ಇದ್ದಾಗಿನಿಂದ ಸಾಗುವಳಿ ಮಾಡುತ್ತಿದ್ದೇನೆ, ವರ್ಷಕ್ಕೆ ಎರಡು ಪಲ್ಲ ರಾಗಿ ಅಳೆಯುತ್ತೇನೆ, ರಸೀದಿ ಕೊಟ್ಟಿಲ್ಲ. ಈಕೆ ಕೂಲಿಗೆ ಬರುತ್ತಿದ್ದವಳು ಅಷ್ಟೇ ಅಂತ ಜಮೀನಿನವರು ಹೇಳಿದ್ದಾರೆ. ಅದಕ್ಕೆ ಅಜ್ಜಿಯ ಉತ್ತರ ಗುಮಾಸ್ತ ಬರೆದಂತೆ: "ಕೂಲಿಯವರು ಧಣಿಗೆ ರಾಗಿ ಅಳೆಯುವುದಿಲ್ಲ, ಧಣಿಯೇ ಕೂಲಿಯವರಿಗೆ ಅಳೆಯಬೇಕು. ನಾನು ಇವರಿಗೆ ಅಳೆದಿದ್ದೇನೆ." ಕೆಳಗೆ ಎಡಗೈ ಹೆಬ್ಬೆಟ್ಟು. ಅದನ್ನು ಓದುವಾಗ ಅಪ್ಪ ಜೋರಾಗಿ ನಕ್ಕುಬಿಟ್ಟರು, ಅದೇ ಧಾಟಿ, ಅದೇ ಬಾಯಿ.

ದೊಡ್ಡಪ್ಪ ಆಗ ಬೆಂಗಳೂರಲ್ಲಿ ಕೆಲಸಕ್ಕಿದ್ದರು, ಅವರಿಗೆ ಇದು ಗೊತ್ತೇ ಇರಲಿಲ್ಲ. ಆದರೂ "ಗುಮಾಸ್ತ ಬರೆದ ವಯಸ್ಸು ನಂಬುತ್ತೀಯೇನೋ" ಅಂತ ಇನ್ನೂ 102ಕ್ಕೇ ನಿಂತಿದ್ದಾರೆ. ಕೊನೆಗೆ "ಜನನ: ಸುಮಾರು 1931" ಅಂತ ಹಾಕುತ್ತಿದ್ದೇನೆ, ಬ್ಯಾನರ್ ಅವರ ಖರ್ಚು, ಅಲ್ಲಿ ಏನು ಬೇಕಾದರೂ ಹಾಕಿಸಿಕೊಳ್ಳಲಿ. ತ್ಯಾಗಮೂರ್ತಿ ಪುಟ ತೆಗೆದು ಆ ಜಾಗಕ್ಕೆ ಹೇಳಿಕೆಯನ್ನೇ ಅಚ್ಚು ಹಾಕಿಸುತ್ತೇನೆ.

ಮೂರನೇ ಸೊಸೆಯವರೇ, ಬೀಗದ ಕೈ ಪ್ರಶ್ನೆ ಅಮ್ಮನಿಗೆ ಕೇಳಿದೆ. "ನನ್ನ ಕೈಗೆ ಬಂದೇ ಇಲ್ಲ, ದೊಡ್ಡಕ್ಕನಿಗೆ ಕೊಟ್ಟರು" ಅಂತ ಶುರು ಮಾಡಿದರು. ರೆಕಾರ್ಡ್ ಮಾಡಿಕೊಂಡಿದ್ದೇನೆ. ಎಷ್ಟು ಹಾಕಬೇಕು ಅಂತ ದೊಡ್ಡಮ್ಮನನ್ನೂ ಕೇಳಬೇಕು, ಇಲ್ಲದಿದ್ದರೆ ತಿಥಿ ದಿನವೇ ಶುರುವಾಗುತ್ತೆ.

ಒಂದು ಸಣ್ಣ ಸಹಾಯ: ಫಾರಂ 10 ಹಳದಿಯಾಗಿ ಮಡಿಕೆಯಲ್ಲಿ ಹರಿದಿದೆ, ಜೆರಾಕ್ಸ್ ಮಾಡಿದರೆ ಬರೀ ಕಪ್ಪು ಬರುತ್ತೆ. ಏನು ಮಾಡಲಿ?

ರೆಕಾರ್ಡ್ ರೂಮ್ ರಿಟೈರ್ಡ್

ಜೆರಾಕ್ಸ್ ಬೇಡ. ಕಿಟಕಿ ಪಕ್ಕ ನೆರಳಲ್ಲಿ ಚಪ್ಪಟೆಯಾಗಿ ಹರಡಿ, ಮೇಲೆ ಗಾಜು ಇಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಲ್ಲಿ ನೇರವಾಗಿ ಮೇಲಿಂದ ಫೋಟೋ ತೆಗೆಯಿರಿ. ಗಮ್ ಟೇಪ್ ಮಾತ್ರ ಅಂಟಿಸಬೇಡಿ, ವರ್ಷ ಕಳೆದ ಮೇಲೆ ಅಕ್ಷರವನ್ನೇ ಎತ್ತಿಕೊಂಡು ಬರುತ್ತೆ. ಲ್ಯಾಮಿನೇಶನ್ ಕೂಡ ಬೇಡ. ಪುಸ್ತಕ ಆದ ಮೇಲೆ ನನಗೊಂದು ಪ್ರತಿ ಎತ್ತಿಡಿ.