‘ಕಂದಾಚಾರದ ಪ್ಯಾದೆ’: ಈ ಕಂದಾಚಾರ ಎಲ್ಲಿಂದ ಬಂತು?

ಗೆಳೆಯರೇ, ನಮಸ್ಕಾರ.

‘ಕಂದಾಚಾರ’ ಅಂದ ಕೂಡಲೇ ಇವತ್ತು ನೆನಪಾಗುವುದು ಮೂಢನಂಬಿಕೆ, ಅರ್ಥವಿಲ್ಲದ ಮಡಿ-ಮೈಲಿಗೆ. ನಾನು ಕೇಳುತ್ತಿರುವುದು ಇನ್ನೊಂದು ಕಂದಾಚಾರದ ಬಗ್ಗೆ.

ತುಮಕೂರು ಸೀಮೆಯ ನಮ್ಮ ಊರಿನಲ್ಲಿ ನಮ್ಮ ಮುತ್ತಜ್ಜನ ತಂದೆಗೆ ಒಂದು ತುಂಡು ಹೊಲ ಇತ್ತು. ಅಜ್ಜಿ ಅದನ್ನು ‘ಚಾಕರಿ ಹೊಲ’ ಅಂತಲೇ ಕರೆಯುತ್ತಿದ್ದರು. ಅದರ ಹಳೇ ಕಾಗದದಲ್ಲಿ ಅವರ ಹೆಸರಿನ ಜೊತೆ ‘ಕಂದಾಚಾರದ ಪ್ಯಾದೆ’ ಎಂದಿದೆ. ವಂಶವೃಕ್ಷ ಬರೆಯುತ್ತಿರುವ ನಮ್ಮ ಚಿಕ್ಕಪ್ಪನ ಮಗ ಇದನ್ನು ಓದಿ, ಪಾಪ, ‘ತುಂಬಾ ಮಡಿವಂತರು’ ಎಂದು ಬರೆದುಕೊಂಡಿದ್ದ. ಆ ಸಾಲು ಹಾಗೇ ಅಚ್ಚಾದರೆ ಆ ಮನುಷ್ಯ ಜೀವನಪೂರ್ತಿ ಮಾಡಿದ ಕೆಲಸವೇ ಅಳಿಸಿಹೋಗುತ್ತದೆ, ಅಲ್ವಾ?

ಮೈಸೂರು ಸಂಸ್ಥಾನದಲ್ಲಿ ಕಂದಾಚಾರ ಎಂದರೆ ಊರುಗಳಲ್ಲೇ ನೆಲೆಸಿದ ಕಾಲಾಳು ಪಡೆ, ಅದನ್ನು ನೋಡಿಕೊಳ್ಳುವ ಇಲಾಖೆ. ಹೈದರ್, ಟಿಪ್ಪು ಕಾಲದಲ್ಲೂ ಇವರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯ ಈ ಪಡೆಯನ್ನು ಉಳಿಸಿಕೊಂಡರು. ಅದು ಜಾಣತನದ ಕೆಲಸ. ಕತ್ತಿ ಹಿಡಿದೇ ಬದುಕಿದ್ದವರಿಗೆ ದಿಢೀರನೆ ಅನ್ನ ತಪ್ಪಿದರೆ ನಾಡಿನಲ್ಲಿ ಗಲಭೆ ಏಳುವುದು ಖಂಡಿತ. 1831ರಲ್ಲಿ ಬ್ರಿಟಿಷ್ ಕಮಿಷನ್ ಆಡಳಿತ ಬಂದ ಮೇಲೂ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗಲೂ ಕಂದಾಚಾರದವರು ಇದ್ದರು. 1860ರ ದಶಕದಲ್ಲಿ ಹೊಸ ಮಾದರಿಯ ಪೊಲೀಸ್ ವ್ಯವಸ್ಥೆ ಬಂದ ಮೇಲೆ ಇವರ ಕಾಲ ಮುಗಿಯುತ್ತಾ ಬಂತು.

ಪ್ಯಾದೆಯಾದವನು ವರ್ಷಪೂರ್ತಿ ಕವಾಯತು ಮಾಡುತ್ತಿರಲಿಲ್ಲ. ತನ್ನ ಊರಲ್ಲೇ ಇದ್ದು ಬೇಸಾಯ ಮಾಡಿಕೊಂಡಿರುತ್ತಿದ್ದ. ಸರದಿ ಬಂದಾಗ ಕೋಟೆ ಬಾಗಿಲು ಕಾಯಬೇಕು. ತಾಲ್ಲೂಕಿನ ಕಂದಾಯದ ಹಣ ಹುಜೂರ್ ಖಜಾನೆಗೆ, ಅಂದರೆ ಸರ್ಕಾರದ ಮುಖ್ಯ ಖಜಾನೆಗೆ, ಹೋಗುವಾಗ ಜೊತೆಗೆ ನಡೆಯಬೇಕು. ಕಳ್ಳರ ಬೆನ್ನು ಹತ್ತಬೇಕು. ಯುದ್ಧ ಬಂದರೆ ಹೊರಡಬೇಕು. ಸಂಬಳ ಒಂದಿಷ್ಟು ದುಡ್ಡಿನಲ್ಲಿ, ಒಂದಿಷ್ಟು ಭೂಮಿಯಲ್ಲಿ. ಅಜ್ಜಿಯ ‘ಚಾಕರಿ ಹೊಲ’ದ ಗುಟ್ಟು ಇದೇ ಇರಬೇಕು. ನಮ್ಮ ಮನೆಯಲ್ಲಿ ಹಿರಿಯ ಮಗ ಹೊಲ ನೋಡಿಕೊಳ್ಳುವುದು, ಎರಡನೆಯವನು ಚಾಕರಿಗೆ ಹೋಗುವುದು ಎಂಬ ಏರ್ಪಾಡಿತ್ತಂತೆ. ಮುತ್ತಜ್ಜನ ತಂದೆ ಎರಡನೆಯವರು.

ಆ ಕಾಲದ ಉಳಿದ ಪದಗಳು ಇನ್ನೂ ನಮ್ಮ ಬಾಯಲ್ಲಿವೆ. ಪಾರಸಿಯ ‘ಪಿಯಾದಾ’, ಅಂದರೆ ಕಾಲಾಳು, ನಮ್ಮಲ್ಲಿ ಪ್ಯಾದೆಯಾಗಿ, ಈಗ ಪೊಲೀಸ್ ಪೇದೆಯಾಗಿದೆ. ಕೆಂಪು ಪಟ್ಟಿ, ಪೇಟ ತೊಟ್ಟು ಸಾಹೇಬರ ಮುಂದೆ ನಡೆಯುವ ದಫೇದಾರರನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಿರುತ್ತೀರಿ. ಕಂದಾಚಾರದಲ್ಲಿ ದಫೇದಾರ ಎಂದರೆ ಪ್ಯಾದೆಗಳ ಒಂದು ಗುಂಪಿನ ಮುಖ್ಯಸ್ಥ. ಇವೆಲ್ಲ ಸ್ವಲ್ಪ ಅರ್ಥ ಬದಲಿಸಿಕೊಂಡಾದರೂ ಉಳಿದವು. ಕಂದಾಚಾರ ಮಾತ್ರ ಪೂರ್ತಿ ಬೇರೆಯದೇ ಆಗಿಬಿಟ್ಟಿತು.

ಈಗ ಪ್ರಶ್ನೆ. ಸಂಸ್ಕೃತದ ‘ಸ್ಕಂಧಾವಾರ’ಕ್ಕೆ ಸೇನೆಯ ಬೀಡು ಎಂಬ ಅರ್ಥವಿದೆ. ಅದು ಕನ್ನಡದಲ್ಲಿ ‘ಕಂದಾವಾರ’ ಆಗುವುದು ಸಹಜ. ಆದರೆ ‘ವಾರ’ ಹೋಗಿ ‘ಚಾರ’ ಹೇಗೆ ಬಂತು? ಜನ ಅದರಲ್ಲಿ ‘ಆಚಾರ’ ಎಂಬ ಪದ ಕೇಳಿಸಿಕೊಂಡು ಹಾಗೆ ತಿದ್ದಿದರೇ? ಇಲ್ಲ, ಎರಡು ಬೇರೆ ಬೇರೆ ಪದಗಳು ಸುಮ್ನೆ ಒಂದೇ ರೂಪಕ್ಕೆ ಬಂದು ನಿಂತವೇ? ನನ್ನ ಒಲವು ಎರಡನೆಯದರ ಕಡೆ. ಸಿಪಾಯಿ ಚಾಕರಿಯಿಂದ ಮೂಢ ಆಚರಣೆಗೆ ಅರ್ಥ ಜಾರಿದ ದಾರಿ ನನಗಂತೂ ಕಾಣುತ್ತಿಲ್ಲ.

ಮುಖ್ಯವಾಗಿ ಎರಡು ಸಹಾಯ ಬೇಕು. ಮೂಢ ಆಚರಣೆ ಎಂಬ ಅರ್ಥದಲ್ಲಿ ‘ಕಂದಾಚಾರ’ ಬಳಸಿರುವ ಹಳೆಯ ಸಾಲು ಯಾರಿಗಾದರೂ ಸಿಕ್ಕಿದ್ದರೆ ಇಸವಿ ಸಮೇತ ತಿಳಿಸಿ. ಹಾಸನ, ಚಿತ್ರದುರ್ಗ, ಕೋಲಾರದ ಕಡೆಯವರ ಮನೆಯ ಇನಾಂ ಕಾಗದ, ಹಳೇ ಪತ್ರಗಳಲ್ಲಿ ಈ ಪದ ಇದ್ದರೆ ಅಲ್ಲಿ ಕಂದಾಚಾರ ಎಂದಿದೆಯೋ, ಕಂದಾವಾರ ಎಂದಿದೆಯೋ ನೋಡಿ ಹೇಳಿ. ಚಿತ್ರ ಕಳಿಸಿದರೆ ಇನ್ನೂ ಒಳ್ಳೆಯದು. ಅಕ್ಷರ ಬಿಡಿಸಲು ನಾನೂ ಕೂರುತ್ತೇನೆ.